ಇಪ್ಪತ್ತು ಬಂಡಿ ಗರಸು

ನಮ್ಮ ಮನೆಯ ಫಟಫಟಿಯ ಹಿಂದಿನ ಎಡಗಾಲಿ ಚೀರಲು ಶುರುವಿಟ್ಟ ದಿನ ಕಮಲಾಪುರದ ನಾಯಿಗಳೆಲ್ಲ ಊರು ಬಿಟ್ಟು ಹೋದವು. ಬಸ್ ಸ್ಟ್ಯಾಂಡಿನಲ್ಲಿದ್ದ ಡ್ರೈವರೊಬ್ಬ ತನ್ನ ಬಸ್ಸಿನ ಬ್ರೇಕೇ ಹೋಯಿತೆಂದು ಇಳಿದು ಬಗ್ಗಿ ನೋಡಿದ. ಇದನ್ನು ಹೇಳುತ್ತಿರುವ ನಾನು ದೌಲಪ್ಪ. ನನ್ನ ಹತ್ತು ಮಾತಿನಲ್ಲಿ ಒಂಬತ್ತು ಖರೆ. ಊರವರು ಒಂದೇ ಖರೆ ಅನ್ನುತ್ತಾರೆ. ಊರವರಿಗೆ ಲೆಕ್ಕ ಬರುವುದಿಲ್ಲ.

ಫಟಫಟಿ ಅಂದರೆ ಮೂರು ಗಾಲಿಯದು. ಮುಂದಿನಿಂದ ನೋಡಿದರೆ ಮೋಟಾರ್ ಸೈಕಲ್ಲು, ಹಿಂದಿನಿಂದ ನೋಡಿದರೆ ಎರಡು ಗಾಲಿಯ ಮೇಲೆ ಕೂರಿಸಿದ ಕಬ್ಬಿಣದ ತೊಟ್ಟಿ. ಓಡಿಸುವವಳು ನನ್ನ ಸೊಸೆ ನಾಗರತ್ನಾ. ವಾರಕ್ಕೆ ನಾಲ್ಕು ದಿನ ಕೆಂಪು ಬಾಳೆಗೊನೆ ಹೇರಿಕೊಂಡು ಕಲಬುರಗಿಗೆ ಹೋಗುತ್ತಾಳೆ. ಅವಳು ಹೊರಟರೆ ಹೆದ್ದಾರಿಯ ಲಾರಿಗಳು ಪಕ್ಕಕ್ಕೆ ಸರಿದು ಸಲಾಮು ಹೊಡೆಯುತ್ತವೆ. ಮಗ ಮಹಾದೇವ ಅಲ್ಲಿಯ ಬೇಳೆ ಗಿರಣಿಯೊಂದರಲ್ಲಿ ಕೆಲಸಕ್ಕಿದ್ದಾನೆ. ಮುಂಜಾನೆ ಹೆಂಡತಿಯ ಗಾಡಿಯಲ್ಲಿ ಗೊನೆಗಳ ನಡುವೆ ಇನ್ನೊಂದು ಗೊನೆಯ ಹಾಗೆ ಕುಳಿತು ಹೋಗುತ್ತಾನೆ, ಸಂಜೆ ಬಸ್ಸಿಗೆ ಬರುತ್ತಾನೆ.

ಅವತ್ತು ನನ್ನ ಹೆಂಡತಿ ಸೂಗಮ್ಮ ಬಿಸಿ ರೊಟ್ಟಿಯ ಮೇಲೆ ಪುಂಡಿಪಲ್ಯ ಹಾಕುತ್ತಿದ್ದಳು. ನಾಗರತ್ನಾ ಕೈಗೆ ಮೆತ್ತಿದ ಗ್ರೀಸನ್ನು ಜೋಳದ ಹಿಟ್ಟಿನಲ್ಲಿ ತಿಕ್ಕಿ ತೊಳೆದು ಬಂದು ಕುಳಿತಳು.

“ಮಾವ, ಗಾಲಿ ಬಿಚ್ಚಿ ಬೇರಿಂಗ್ ನೋಡಬೇಕ್ರಿ. ಹಿಂಗ ಬಿಟ್ರ ಗಾಲಿ ನನ್ನ ಬಿಟ್ಟು ಮುಂದ ಹೋಗ್ತದ.”

“ಬಿಚ್ಚು. ನಾ ಎತ್ತಿ ಹಿಡೀತೀನಿ.”

“ಏನು ಎತ್ತಿ ಹಿಡೀತೀರಿ?”

“ಗಾಡಿ.”

ಮಹಾದೇವನಿಗೆ ತುತ್ತು ನೆತ್ತಿಗೇರಿತು. “ಅಪ್ಪಾ, ಅದು ಮೂರೂವರೆ ಕ್ವಿಂಟಲ್ ಅದ.”

“ನಾಲ್ಕು ಕ್ವಿಂಟಲ್ ಗುಂಡು ಎತ್ತಿದಾವ ನಾ. ಬೇಕಾದ್ರ ಆ ರೇಡಿಯೋ ಕೇಳು, ಹೇಳ್ತದ.”

ಗೂಡಿನಲ್ಲಿರುವ ರೇಡಿಯೋ ನಾನು ಇಪ್ಪತ್ತೈದು ವರ್ಷದ ಹಿಂದೆ ನಾಗರ ಪಂಚಮಿಯ ಪಂದ್ಯದಲ್ಲಿ ಗುಂಡುಕಲ್ಲು ಎತ್ತಿ ಗೆದ್ದದ್ದು. ಹಾಗೆಂದು ಮನೆಯವರಿಗೆ ಗೊತ್ತು. ಸೂಗಮ್ಮ ಅದಕ್ಕೆ ಕಸೂತಿಯ ಬಟ್ಟೆ ಹೊದಿಸಿದ್ದಾಳೆ, ಬೀಗರು ಬಂದರೆ ಬಟ್ಟೆ ತೆಗೆದು ತೋರಿಸುತ್ತಾಳೆ.

ಪಕ್ಕದ ಮನೆಯ ಪೀರಪ್ಪನನ್ನು ಕರೆದೆವು. ನಾನು, ಅವನು, ಮಹಾದೇವ ಸೇರಿ ಗಾಡಿಯ ಹಿಂಭಾಗ ಎತ್ತಿದೆವು. ಅಂದರೆ ನಾನು ಎತ್ತಿದೆ, ಅವರಿಬ್ಬರು ಜೊತೆಗಿದ್ದರು. ಸೂಗಮ್ಮ ಶಹಾಬಾದ ಪರಸಿಯ, ಅಂದರೆ ಚಪ್ಪಡಿ ಕಲ್ಲಿನ, ತುಂಡುಗಳನ್ನು ಒಂದರ ಮೇಲೊಂದು ಆರು ಒಟ್ಟಿ ಅಚ್ಚಿನ ಕೆಳಗೆ ತಳ್ಳಿದಳು. ನಮ್ಮ ಕಡೆ ಬಾಗಿಲಿಗೆ ಅಡ್ಡ, ಮಂಚಕ್ಕೆ ಎತ್ತರ, ಗಡಿಗೆಗೆ ಮುಚ್ಚಳ, ಎಲ್ಲದಕ್ಕೂ ಪರಸಿಯೇ. ನಾಗರತ್ನಾ ಗಾಲಿ ಬಿಚ್ಚಿದಳು, ಒಳಗೆ ಕೈ ಹಾಕಿ ಬೇರಿಂಗ್ ಮುಟ್ಟಿ ನೋಡಿದಳು, ನಟ್ಟು ಬಿಚ್ಚುವ ಪಾನಾ ತರಲು ಎದ್ದಳು. ಅಷ್ಟರಲ್ಲಿ ಪರಸಿ ಪದರು ಪದರಾಗಿ ಸೀಳಿತು. ಗಾಡಿ ಕೂತಿತು. ಕೆಳಗಿದ್ದ ಹಿತ್ತಾಳೆಯ ತಂಬಿಗೆ ಸೂಗಮ್ಮನ ರೊಟ್ಟಿಗಿಂತ ತೆಳ್ಳಗಾಯಿತು.

ನಾಗರತ್ನಾ ಪಾನಾ ಹಿಡಿದು ನಿಂತೇ ಇದ್ದಳು. “ತಂಬಿಗಿ ಇದ್ದ ಜಾಗಾದಾಗ ನನ್ನ ಕೈ ಇತ್ತು.”

“ಇತ್ತು, ಈಗ ಇಲ್ಲಲಾ,” ಎಂದೆ.

“ಇವತ್ತಿನಿಂದ ಈ ಮನ್ಯಾಗ ಯಾರೂ ಕೈಲೆ ಗಾಡಿ ಎತ್ತಂಗಿಲ್ಲ.”

“ಗಂಡಸರು ಇರೋ ಮನಿ ಇದು.”

“ಅದಕ್ಕ ಹೇಳಿದೆ ರೀ.”

ಸೂಗಮ್ಮ ತಂಬಿಗೆಯನ್ನು ತಿರುಗಿಸಿ ನೋಡುತ್ತ, “ಹಿರೇರಿಗಿ ಹಿಂಗ ಎದುರು ಮಾತಾಡ್ತಾರೇನು?” ಎಂದಳು.

“ಅತ್ತಿ, ತಂಬಿಗಿ ಹೊಸಾದು ತರಬಹುದು.” ಇಷ್ಟು ಹೇಳಿ ಸೊಸೆ ಒಳಗೆ ಹೋದಳು. ಅವತ್ತು ರಾತ್ರಿ ನಮ್ಮ ಮನೆಯಲ್ಲಿ ಉಂಡದ್ದು ರೇಡಿಯೋ ಒಂದೇ, ಅದೂ ಬರೀ ಗಾಳಿ.

ಮುಂದಿನ ವಾರ ನಾನೂ ಅವಳ ಜೊತೆ ಕಲಬುರಗಿಗೆ ಹೋದೆ. ಬಾಳೆ ಇಳಿಸಿದ ಮೇಲೆ ಹುಮನಾಬಾದ ರಿಂಗ್ ರೋಡಿನ ಹತ್ತಿರ ಒಂದು ಗ್ಯಾರೇಜಿಗೆ ಕರೆದುಕೊಂಡು ಹೋದಳು. ಮೇಸ್ತ್ರಿ ಯಾರೆಂದರೆ ಮದಿಹಾ ಅನ್ನುವ ಹೆಣ್ಣುಮಗಳು, ತಲೆಗೆ ದುಪಟ್ಟಾ ಬಿಗಿದು ಒಂದು ಆಟೋದ ಕೆಳಗಿಂದ ಹೊರಗೆ ಬಂದಳು. ನಾನು ಗುಂಡಿನ ಕಥೆ ಹೇಳಿದೆ. ಐದು ಕ್ವಿಂಟಲ್ ಎಂದೆ, ಶಹರದವರಿಗೆ ಸಣ್ಣ ಲೆಕ್ಕ ಹೇಳಿದರೆ ನಂಬುವುದಿಲ್ಲ.

ಅವಳು ಪೂರಾ ಕೇಳಿದಳು. “ಅಂಕಲ್, ಎತ್ತೋದು ಏನು ದೊಡ್ಡದಲ್ಲ. ಎತ್ತಿದ್ದು ನಿಲ್ಲಬೇಕು, ಅದು ದೊಡ್ಡದು. ಪರಸಿ ಇಟ್ಟಿದ್ರಂತ?”

“ನಮ್ಮ ಪರಸಿ ಅಂದ್ರ...”

“ಪರಸಿ ಮ್ಯಾಲ ಊಟ ಮಾಡ್ರಿ, ಮಲಕೋರಿ. ಅದರ ಕೆಳಗ ಕೈ ಹಾಕಬ್ಯಾಡ್ರಿ.” ಆಮೇಲೆ ನಾಗರತ್ನಾಳಿಗೆ ಜಾಕು ತಿರುಗಿಸಿ ತೋರಿಸಿದಳು. “ಮೊದಲು ಮುಂದಿನ ಗಾಲಿಗೆ ಎರಡೂ ಕಡೆ ಮರದ ತುಂಡು. ಹ್ಯಾಂಡ್ ಬ್ರೇಕ್ ನಂಬಬ್ಯಾಡ, ಅದು ಹಿಂದಿನ ಗಾಲಿ ಹಿಡೀತದ, ಹಿಂದಿನ ಗಾಲಿನೇ ಎತ್ತಿದ ಮ್ಯಾಲ ಏನು ಹಿಡೀತದ? ಜಾಕು ಅಚ್ಚಿನ ಕೆಳಗೇ, ತೊಟ್ಟಿ ತಗಡಿಗೆ ಅಲ್ಲ. ಎತ್ತಿದ ಕೂಡ್ಲೆ ಎರಡು ಸ್ಟ್ಯಾಂಡ್. ಜಾಕು ಬರೀ ಎತ್ತಲಿಕ್ಕೆ, ನಿಲ್ಲಲಿಕ್ಕೆ ಸ್ಟ್ಯಾಂಡ್. ಆಮ್ಯಾಲ ಗಾಡಿ ಹಿಡಿದು ಜೋರಾಗಿ ಅಲುಗಾಡಿಸು. ಬೀಳೋದಿದ್ರ ನೀನು ಹೊರಗಿದ್ದಾಗ ಬೀಳಲಿ.”

“ನಾಲ್ಕಾಯ್ತು,” ಎಂದೆ. “ಇನ್ನೊಂದು ಹೇಳು, ಪಂಚಾಕ್ಷರಿ ಆಗ್ತದ.”

“ಐದನೇದು ಎಲ್ಲಾಕ್ಕಿಂತ ಮೊದಲು ಅಂಕಲ್. ನೆಲ ಗಟ್ಟಿ ಇರಬೇಕು.”

ಜಾಕು, ಎರಡು ಸ್ಟ್ಯಾಂಡು, ಮರದ ತುಂಡುಗಳನ್ನು ಹೇರಿಕೊಂಡು ಬಂದೆವು. ನಮ್ಮ ಅಂಗಳ ಎರೆಮಣ್ಣಿನದು. ಬೇಸಿಗೆಯಲ್ಲಿ ಆನೆ ಹೋಗುವಷ್ಟು ಬಿರಿಯುತ್ತದೆ, ಹನಿ ಬಿದ್ದರೆ ಆನೆಯನ್ನೇ ನುಂಗುತ್ತದೆ. ಜಾಕು ಇಟ್ಟು ತಿರುಗಿಸಿದರೆ ಗಾಡಿ ಮೇಲೆ ಬರುವ ಬದಲು ಜಾಕು ಕೆಳಗೆ ಹೋಯಿತು. ಗಟ್ಟಿ ನೆಲ ಅಂದರೆ ದನದ ಕೊಟ್ಟಿಗೆಯ ಮಗ್ಗುಲಿನ ಪರಸಿ ಹಾಸಿದ ಮೂಲೆ ಒಂದೇ. ನಾಗರತ್ನಾ ಗಾಡಿಯನ್ನು ಅಲ್ಲಿಗೆ ತಳ್ಳಿದಳು.

ಕಟ್ಟೆಯ ಮೇಲೆ ಕುಳಿತಿದ್ದ ನಮ್ಮವ್ವ ಕೋಲು ಎತ್ತಿದಳು. ಅವಳಿಗೆ ನೂರಾ ಇಪ್ಪತ್ತು ವರ್ಷ. ಆಧಾರ್ ಕಾರ್ಡಿನಲ್ಲಿ ಎಂಬತ್ತನಾಲ್ಕು.

“ಅಲ್ಲಿ ಬ್ಯಾಡವ್ವ. ಅಲ್ಲಿ ಹಗೇವು ಅದ.”

ಹಗೇವು ಅಂದರೆ ನೆಲದೊಳಗಿನ ಕಾಳಿನ ಕಣಜ. ಬಾಯಿ ಸಣ್ಣದು, ಒಳಗೆ ಹೊಟ್ಟೆ ಬಿಟ್ಟ ಗಡಿಗೆಯ ಹಾಗೆ. ನನ್ನ ಅಜ್ಜನ ಕಾಲದಲ್ಲಿ ಅದರಲ್ಲಿ ಜೋಳ ತುಂಬುತ್ತಿದ್ದರು.

ನಾಗರತ್ನಾ ನನ್ನ ಕಡೆ ನೋಡಿದಳು. “ಹೌದೇನ್ರಿ ಮಾವ?”

“ಇತ್ತು. ನಾನೇ ತುಂಬೀನಿ. ಇಪ್ಪತ್ತು ಬಂಡಿ ಗರಸು ಹಾಕಿ, ಮ್ಯಾಲ ಪರಸಿ ಹೊದಿಸೀನಿ. ಅದರ ಮ್ಯಾಲ ಬೇಕಾದ್ರ ಗುಮ್ಮಟ ಕಟ್ಟು.”

“ತುಂಬಿಲ್ಲ ಅದು,” ಎಂದಳು ಅವ್ವ. “ಕೋಲು ಬಡದ್ರ ದನಿ ಬರ್ತದ.”

“ಆಯಿ, ಅಪ್ಪ ತುಂಬಿದ್ದು ನಿನಗ ನೆನಪಿಲ್ಲ,” ಎಂದ ಮಹಾದೇವ. “ವಯಸ್ಸಾತು.”

ಅವ್ವ ನನ್ನ ಮುಖ ನೋಡಿದಳು. ನಾನು ಕೊಟ್ಟಿಗೆಯಲ್ಲಿ ಎಮ್ಮೆಗೆ ಮೇವು ಹಾಕಲು ಹೋದೆ. ಮೇವು ಆಗಲೇ ಹಾಕಿತ್ತು.

ಈಗ ಖರೆ ಹೇಳಬೇಕು. ರೇಡಿಯೋ ಮನೆಗೆ ಬಂದ ವರ್ಷ ಸೂಗಮ್ಮ ಮತ್ತು ಅವ್ವ ಒಂದು ಮದುವೆಗೆಂದು ಎಂಟು ದಿನ ತಾಜಸುಲ್ತಾನಪುರಕ್ಕೆ ಹೋಗಿದ್ದರು. ಹಗೇವು ತುಂಬಲು ಗರಸು, ಅಂದರೆ ಕಲ್ಲು ಬೆರೆತ ಗಟ್ಟಿ ಮಣ್ಣು, ತರಿಸಿದ್ದೆ. ಪೀರಪ್ಪ ಆಗ ಮನೆಯ ಕಟ್ಟೆ ಕಟ್ಟಿಸುತ್ತಿದ್ದ, ಅವನಿಗೆ ಗರಸು ಬೇಕಾಗಿತ್ತು. ಅವನ ಹತ್ತಿರ ಹೊಸ ರೇಡಿಯೋ ಇತ್ತು. ಗರಸು ಅವನ ಕಟ್ಟೆಯ ಕೆಳಗೆ ಹೋಯಿತು, ರೇಡಿಯೋ ನಮ್ಮ ಗೂಡಿಗೆ ಬಂತು. ಹಗೇವಿನ ಬಾಯಿಗೆ ಎರಡು ಬುಟ್ಟಿ ಗರಸು ಮತ್ತು ಒಂದು ಮುರುಕು ಹೊರಸು, ಹಗ್ಗದ ಮಂಚ, ಹಾಕಿ ಪರಸಿ ಮುಚ್ಚಿದೆ. ಹೆಂಗಸರು ಬಂದಾಗ ಗುಂಡು ಎತ್ತಿದ ಕಥೆ ತಯಾರಿತ್ತು.

ನಾಗರತ್ನಾ ಗಾಡಿ ತಳ್ಳಿದ ಆ ದಿನದ ಕೆಲಸ ಅಂಚಿನ ಪರಸಿಯ ಮೇಲೆಯೇ ಮುಗಿಯಿತು, ಹಗೇವಿನ ಬಾಯಿ ತಪ್ಪಿತು. ಮರುದಿನ ಮುಂಜಾನೆಯೇ ನಾನು ಕೊಟ್ಟಿಗೆಯ ಕಟ್ಟಿಗೆಯನ್ನೆಲ್ಲ ಹೊತ್ತು ತಂದು ಹಗೇವಿನ ಬಾಯಿಯ ಮೇಲೆ ಒಟ್ಟಿದೆ. ಒಂದು ಕಾಡಿನಷ್ಟು ಕಟ್ಟಿಗೆ ಇತ್ತು. ಗಾಡಿ ಅಲ್ಲಿಗೆ ಬರುವಂತಿಲ್ಲ, ನಾನು ಬಾಯಿ ಬಿಡುವಂತಿಲ್ಲ.

“ಕಟ್ಟಿಗಿ ಯಾಕ ಇಲ್ಲಿ?” ಎಂದಳು ಸೂಗಮ್ಮ.

“ಇಲ್ಲಿ ಗಾಳಿ ಚಲೋ ಬರ್ತದ. ಕಟ್ಟಿಗಿಗಿ ಗಾಳಿ ಬೇಕು.”

“ನಲವತ್ತು ವರ್ಷದಾಗ ಒಂದು ಕಡ್ಡಿ ಎತ್ತಿಟ್ಟಾವಲ್ಲ.”

ಅಂತೂ ಎರಡು ವಾರ ನಡೆಯಿತು. ಪ್ರತಿ ಭಾನುವಾರ ನಾಗರತ್ನಾ ಕಟ್ಟಿಗೆಯ ಆಚೆ, ಅಂಚಿನ ಪರಸಿಯ ಮೇಲೆ ಗಾಡಿ ಎತ್ತುವಳು, ತುಂಡು ಇಡುವಳು, ಸ್ಟ್ಯಾಂಡ್ ಹಾಕುವಳು, ಅಲುಗಾಡಿಸುವಳು. ಪ್ರತಿ ಸಲ ಅವ್ವ ಕಟ್ಟೆಯ ಮೇಲಿಂದ, “ಅಲ್ಲಿ ಬ್ಯಾಡವ್ವ,” ಅನ್ನುವಳು. ಮೊದಲ ಸಲ ಸೊಸೆ, “ಮಾವ ತುಂಬ್ಯಾರ ಆಯಿ,” ಎಂದು ಸಮಾಧಾನ ಹೇಳಿದಳು. ಎರಡನೆಯ ಸಲ ಕೇಳಿಸದವರ ಹಾಗೆ ಜಾಕು ತಿರುಗಿಸಿದಳು. ಮಹಾದೇವ ಶಹರದಿಂದ ನೆನಪಿನ ಶಕ್ತಿಯ ಗುಳಿಗೆ ತಂದ. ಸೂಗಮ್ಮ ಅವ್ವನ ಸೊಂಟದಿಂದ ಪೆಟ್ಟಿಗೆಯ ಕೀಲಿ ತೆಗೆದು ತಾನು ಕಟ್ಟಿಕೊಂಡಳು. “ಮರವು ಬಂದದ, ಎಲ್ಲಿಯಾರ ಒಗದಾಳು,” ಎಂದಳು.

ಕೀಲಿ ಹೋದ ದಿನ ಅವ್ವ ಉಣ್ಣಲಿಲ್ಲ.

ಮರುದಿನವೂ ಉಣ್ಣಲಿಲ್ಲ. ರೊಟ್ಟಿ ಹಾಲಿನಲ್ಲಿ ನೆನೆಸಿ ನಾನೇ ಒಯ್ದು ಕೊಟ್ಟೆ. “ಉಣ್ಣವ್ವ.”

“ಉಂಡೀನಿ.”

“ಯಾವಾಗ ಉಂಡಿ?”

“ಮರವು ಬಂದಾಕಿನ್ನ ಕೇಳ್ತೀಯೇನು? ಉಂಡೀನೋ ಬಿಟ್ಟೀನೋ, ನನಗೇನು ಗೊತ್ತು?” ತಾಟು ಸರಿಸಿದಳು. “ನೀ ತುಂಬೀದಿ ಅಂತೀ. ನಿನಗ ಗೊತ್ತಿರ್ತದ.”

ನಾನು ಪೀರಪ್ಪನ ಮನೆಗೆ ಹೋದೆ. ಅವನು ಆ ಕಟ್ಟೆಯ ಮೇಲೆ ಕುಳಿತು ಚಹಾ ಬಸಿಯಲ್ಲಿ ಹಾಕಿಕೊಂಡು ಕುಡಿಯುತ್ತಿದ್ದ.

“ಪೀರಪ್ಪಾ, ಆ ಗರಸಿನ ಮಾತು ಹೇಳಿಬಿಡಲೇನು?”

“ಹೇಳು. ನನ್ನ ಕಟ್ಟಿ ಅಗದು ಒಯ್ಯಂಗಿದ್ರ ಚಹಾ ಮುಗಿಸಿ ಏಳ್ತೀನಿ.”

“ಸೂಗಮ್ಮ ಏನಂತಾಳ?”

“ಇಪ್ಪತ್ತೈದು ವರ್ಷ ರೇಡಿಯೋದ ಧೂಳು ಒರಸಿದಾಕಿ ಏನಂತಾಳ, ನಾ ಹ್ಯಾಂಗ ಹೇಳಲಿ? ನೀ ಹೇಳೋ ಮುಂದ ನನ್ನ ಕರಿಬ್ಯಾಡ.”

ನಾನು ಹೇಳಲಿಲ್ಲ. ಕಟ್ಟಿಗೆ ಇದೆಯಲ್ಲ ಎಂದುಕೊಂಡೆ.

ಮೂರನೆಯ ಭಾನುವಾರ ಮುಂಜಾನೆ ನಾನು ಕ್ಷೌರಕ್ಕೆ ಹೋಗಿದ್ದೆ. ಮರುದಿನ ದೊಡ್ಡ ಆರ್ಡರು, ಒಂದು ಲಗ್ನಕ್ಕೆ ಐವತ್ತು ಗೊನೆ. ಎಡಗಾಲಿ ಮತ್ತೆ ಚೀರುತ್ತಿತ್ತು. ಅರ್ಧ ಗಡ್ಡ ಆಗಿತ್ತು, ಅಷ್ಟರಲ್ಲಿ ನಮ್ಮ ಓಣಿಯ ಸುನಂದಾ ಅಂಗಡಿಯ ಮುಂದೆ ಹಾದು ಹೋಗುತ್ತ, “ದೌಲಪ್ಪಣ್ಣ, ನಿಮ್ಮ ಮನ್ಯಾಗ ಕಟ್ಟಿಗಿ ಮಾರಾಕತ್ತೀರೇನು? ಸೂಗಕ್ಕ ಎಲ್ಲಾ ಹೊರಗ ಹಾಕಿಸ್ಯಾಳ,” ಎಂದಳು.

ನಾನು ಅರ್ಧ ಗಡ್ಡದಲ್ಲೇ ಓಡಿದೆ. ಕಮಲಾಪುರದಲ್ಲಿ ಅಷ್ಟು ಜೋರಾಗಿ ಓಡಿದವರು ಯಾರೂ ಇಲ್ಲ. ಊರವರು ಒಪ್ಪುವ ಆ ಒಂದು ಖರೆ ಇದೇ.

ಅಂಗಳದಲ್ಲಿ ಕಟ್ಟಿಗೆ ಇರಲಿಲ್ಲ. ಸೂಗಮ್ಮ ಕೆಳಗೆ ಚೇಳು ಕಂಡಿತೆಂದು ಪೂರಾ ತೆಗೆಸಿ ಗುಡಿಸಿದ್ದಳು. ಜಾಗ ಅಗಲವಾಯಿತೆಂದು ನಾಗರತ್ನಾ ಗಾಡಿಯನ್ನು ನಡುವಿಗೆ ತಂದು ನಿಲ್ಲಿಸಿದ್ದಳು. ಮುಂದಿನ ಗಾಲಿಗೆ ತುಂಡು ಇತ್ತು. ಎರಡೂ ಸ್ಟ್ಯಾಂಡು ಇದ್ದವು. ಎಡಗಡೆಯ ಸ್ಟ್ಯಾಂಡು ಹಗೇವಿನ ಪರಸಿಯ ನಟ್ಟನಡುವೆ ನಿಂತಿತ್ತು. ಸೊಸೆ ಗೋಣಿತಟ್ಟು ಹಾಸಿಕೊಂಡು ಕೆಳಗೆ ಮಲಗಿದ್ದಳು, ಕಾಲು ಮಾತ್ರ ಹೊರಗೆ ಕಾಣುತ್ತಿದ್ದವು. ಮಹಾದೇವ ಪಾನಾ ಕೊಡುತ್ತಿದ್ದ.

ಪರಸಿ ‘ಠಿಣ್’ ಎಂದಿತು. ಸಣ್ಣ ದನಿ. ಬಳೆ ಒಡೆದಷ್ಟು.

“ನಾಗರತ್ನಾ, ಹೊರಗ ಬಾ.”

“ಐದು ಮಿನಿಟ್ ರೀ ಮಾವ. ಬೇರಿಂಗ್ ಅರ್ಧ ಬಂದದ.”

“ಈಗ ಬಾ.”

ಮಹಾದೇವ ನನ್ನ ಗಡ್ಡ ನೋಡಿ ನಕ್ಕ. “ಯಾಕ ಅಪ್ಪಾ, ನೀ ಎತ್ತಿ ಹಿಡೀತೀಯೇನು?”

“ಹಗೇವು ತುಂಬಿಲ್ಲ.”

“ಇಪ್ಪತ್ತು ಬಂಡಿ ಅಂದಿದ್ದಿ. ಮುಂಜಿ, ಮದುವಿ, ತೊಟ್ಟಿಲು, ಎಲ್ಲಾ ಕಡೆ ಅಂದೀದಿ.”

“ಎರಡು ಬುಟ್ಟಿ.”

“ಏನು?”

“ಎರಡು ಬುಟ್ಟಿ ಗರಸು. ಒಂದು ಮುರುಕು ಹೊರಸು. ಬಾಕಿ ಗರಸು ಪೀರಪ್ಪನ ಕಟ್ಟಿ ಕೆಳಗ ಅದ.”

ಮಹಾದೇವ ಇನ್ನೂ ನಗುತ್ತಿದ್ದ. “ಆಕಿ ಜಾಕಿನ ಕೆಲಸ ಬಿಡಸಾಕ ಏನೇನು ಕಟ್ತೀ ಅಪ್ಪಾ.”

ಸೂಗಮ್ಮ ಕಸಬರಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ನಾನು ಅವಳ ಕಡೆ ತಿರುಗಿದೆ. “ಗುಂಡು ನಾ ಎತ್ತಿಲ್ಲ. ಗುಂಡೇ ಇರಲಿಲ್ಲ. ರೇಡಿಯೋ ಆ ಗರಸಿಗಿ ಬಂದದ್ದು.”

ಅಂಗಳದಲ್ಲಿ ಎಮ್ಮೆಯೂ ಮೆಲುಕು ನಿಲ್ಲಿಸಿತು.

ಗಾಡಿಯ ಕೆಳಗಿನಿಂದ ನಾಗರತ್ನಾಳ ದನಿ ಬಂತು, ಮೆಲ್ಲಗೆ. “ನನ್ನ ಕಾಲು ಹಿಡದು ಜಗ್ಗ್ರಿ. ಗಾಡಿ ಮುಟ್ಟಬ್ಯಾಡ್ರಿ.”

“ಏ, ಅಪ್ಪ ಹಂಗ...” ಎಂದ ಮಹಾದೇವ.

“ಮಾವ ಸಣ್ಣ ಲೆಕ್ಕ ಹೇಳಾಕತ್ತಾರ. ಖರೇನೇ ಇರ್ತದ. ಜಗ್ಗ್ರಿ.”

ನಾನು ಒಂದು ಕಾಲು, ಅವನು ಒಂದು ಕಾಲು. ತಟ್ಟಿನ ಸಮೇತ ಹೊರಗೆ ಬಂದಳು. ಮುಖದ ತುಂಬ ಗ್ರೀಸು, ಕಣ್ಣಷ್ಟೇ ಬಿಳಿ. ಗಾಡಿ ಬೀಳಲಿಲ್ಲ. ಅದು ತನ್ನ ಸ್ಟ್ಯಾಂಡಿನ ಮೇಲೆ ನೆಟ್ಟಗೆ ನಿಂತಿತ್ತು. ನಾನು ಸುಳ್ಳು ಹೇಳಿದ ಹಾಗೆಯೇ ಕಾಣುತ್ತಿತ್ತು.

“ನಿಂತದಲ್ಲ,” ಎಂದ ಮಹಾದೇವ.

ನಾಗರತ್ನಾ ಗೋಡೆಗೆ ಒರಗಿಸಿದ್ದ ಹಾರೆ ತಂದಳು. ದೂರದಿಂದಲೇ ಎಡಗಡೆಯ ಪರಸಿಯ ಅಂಚಿಗೆ ಮೆಲ್ಲಗೆ ಒಂದು ಸಲ ತಟ್ಟಿದಳು. ಪರಸಿ ಎರಡು ಹೋಳಾಯಿತು. ಸ್ಟ್ಯಾಂಡು ಕಾಣದಾಯಿತು. ಗಾಡಿ ಎಡಕ್ಕೆ ವಾಲಿ, ತೊಟ್ಟಿಯ ಮೂಲೆ ಅವಳ ಎದೆ ಇದ್ದ ಜಾಗಕ್ಕೆ ಬಂದು ನೆಲಕ್ಕೆ ಬಡಿಯಿತು. ಆಮೇಲೆ, ಬಹಳ ಹೊತ್ತಿನ ಮೇಲೆ ಅನ್ನಿಸಿತು, ಒಳಗಿನಿಂದ ಸ್ಟ್ಯಾಂಡು ತಳ ಮುಟ್ಟಿದ ದನಿ ಬಂತು.

ಅವ್ವ ಕಟ್ಟೆಯ ಮೇಲಿಂದ ಇಳಿದು, ಕೋಲೂರಿ ಬಂದು ಬಗ್ಗಿ ನೋಡಿದಳು. “ನಲವತ್ತು ಚೀಲ ಜ್ವಾಳ ಹಿಡೀತಿತ್ತು,” ಎಂದಳು.

ಸೂಗಮ್ಮ ಸೊಂಟದ ಕೀಲಿ ಬಿಚ್ಚಿದಳು. ಅತ್ತೆಯ ಸೆರಗಿನ ತುದಿಗೆ ಕಟ್ಟಿದಳು. ಆಮೇಲೆ ಒಳಗೆ ಹೋಗಿ ರೇಡಿಯೋ ಎತ್ತಿಕೊಂಡು ಬಂದಳು, ಕಸೂತಿಯ ಬಟ್ಟೆಯನ್ನು ತೆಗೆದು ಹೆಗಲಿಗೆ ಹಾಕಿಕೊಂಡಳು, ನೇರ ಪೀರಪ್ಪನ ಮನೆಗೆ ನಡೆದು ಅವನ ಕಟ್ಟೆಯ ಮೇಲಿಟ್ಟು ಬಂದಳು. ನನ್ನನ್ನು ದಾಟಿ ಹೋಗುವಾಗ, “ಗಡ್ಡ ಪೂರಾ ಮಾಡಿಸ್ಕೊಂಡು ಬರ್ರಿ,” ಎಂದಳು. ಆ ವಾರ ನನಗೆ ಅವಳು ಆಡಿದ್ದು ಅದೊಂದೇ ಮಾತು. ರೊಟ್ಟಿ ಹಾಕಿದಳು, ಬಿಸಿ ಇರಲಿಲ್ಲ.

ನಾಗರತ್ನಾ ಬೈಯಲಿಲ್ಲ. ಮರುದಿನದ ಗೊನೆಗಳಿಗೆ ಬೇರೆ ಗಾಡಿ ಗೊತ್ತು ಮಾಡಿದಳು. ತನ್ನದು ರಿಪೇರಿಯಾಗಿ ಬಂದ ದಿನ ಚಾವಿ ಹಿಡಿದು ನನ್ನ ಮುಂದೆ ನಿಂತಳು. “ಹತ್ರಿ ಮಾವ. ಗರಸು ತರೋಣು.”

ಬಾಳೆ ಇಳಿಸಿ ಬಂದ ದಿನವೆಲ್ಲ ಗರಸಿನ ಎರಡು ಖೇಪು. ಅವಳು ಓಡಿಸುವಳು, ನಾನು ಸಲಿಕೆಯಿಂದ ಹೇರುವೆ, ಇಳಿಸುವೆ. ಪೀರಪ್ಪ ಎರಡು ದಿನ ಕಟ್ಟೆಯ ಮೇಲೆ ಕುಳಿತು ನೋಡಿದ, ಮೂರನೆಯ ದಿನ ತಾನೇ ಸಲಿಕೆ ತಂದ. ಅವ್ವ ಹಗೇವಿನ ಹತ್ತಿರ ಮಣೆ ಹಾಕಿಕೊಂಡು ಕುಳಿತು, ಒಂದು ಖೇಪು ಬಿದ್ದರೆ ಒಂದು ತೊಗರಿ ಕಾಳು ಸೆರಗಿನಲ್ಲಿ ಕಟ್ಟಿಕೊಳ್ಳುತ್ತಿದ್ದಳು. ಅವಳು ಮತ್ತೆ ಉಣ್ಣುತ್ತಿದ್ದಳು, ಎಲ್ಲರ ಮುಂದೆ, ಎರಡೆರಡು ರೊಟ್ಟಿ. ಮಹಾದೇವ ತಂದ ಗುಳಿಗೆಯ ಡಬ್ಬಿಯನ್ನು ನನ್ನ ದಿಂಬಿನ ಹತ್ತಿರ ಇಟ್ಟಿದ್ದಳು.

ಇಪ್ಪತ್ತನೆಯ ಖೇಪಿಗೆ ತುಂಬುತ್ತದೆ ಎಂದು ನಾನು ಹೇಳಿದ್ದೆ. ತುಂಬಲಿಲ್ಲ. ಇಪ್ಪತ್ತೆರಡಕ್ಕೂ ತುಂಬಲಿಲ್ಲ. ಬಾಯಿಮಟ್ಟ ಬಂದಾಗ ಅವ್ವ ಸೆರಗು ಬಿಚ್ಚಿ ಕಾಳು ಎಣಿಸಿದಳು. ಇಪ್ಪತ್ತಾರು.

ಅರವತ್ತೆರಡು ವರ್ಷದಲ್ಲಿ ಮೊದಲ ಸಲ ನನ್ನ ಸುಳ್ಳು ಖರೆಗಿಂತ ಸಣ್ಣದಾಗಿತ್ತು. ಇದನ್ನು ಯಾರಿಗೆ ಹೇಳಿದರೂ ನಂಬುವುದಿಲ್ಲ. ಇಪ್ಪತ್ತಾರು ಅಂದರೆ ಎರಡೂವರೆ ಇರಬೇಕು ಅನ್ನುತ್ತಾರೆ.

ಮೊನ್ನೆ ಭಾನುವಾರ ಪಕ್ಕದ ಕಟ್ಟೆಯಲ್ಲಿ ರೇಡಿಯೋ ಹಾಡುತ್ತಿತ್ತು. ನಾನು ಮುಂದಿನ ಗಾಲಿಗೆ ತುಂಡು ಇಟ್ಟು ಜಾಕು ಹಿಡಿದು ಕುಳಿತಿದ್ದೆ. ಈಗ ಆ ಕೆಲಸ ನನ್ನದು. ನಾಗರತ್ನಾ ತಟ್ಟು ಹಾಸದೆ ನಿಂತಿದ್ದಳು.

“ಎತ್ತಲೇನು?” ಎಂದೆ. “ಪಂಚಾಕ್ಷರಿ ಐದೂ ಬಾಯಿಪಾಠ ಅವ.”

“ಆರು ಅವ ರೀ ಮಾವ, ಷಡಕ್ಷರಿ ಆಗ್ಯದ,” ಎಂದು ಅವಳು ಕಟ್ಟೆಯ ಕಡೆ ತಿರುಗಿದಳು. “ಆಯಿ, ಇಲ್ಲಿ ನಡೀತದೇನು?”

ಅವ್ವ ಕೆಳಗಿಳಿದು ಬಂದಳು. ಸೆರಗಿನಲ್ಲಿ ಕೀಲಿ ಸದ್ದು ಮಾಡಿತು. ಕೋಲಿನಿಂದ ಒಂದು ಸಲ ಬಡಿದಳು, ಕಿವಿ ಕೊಟ್ಟು ನಿಂತಳು. ಒಂದು ಹೆಜ್ಜೆ ಸರಿದು ಇನ್ನೊಂದು ಸಲ ಬಡಿದಳು. ಅವಳಿಗೆ ಅವಸರ ಇರಲಿಲ್ಲ. ಮೂರನೆಯ ಸಲ ಬಡಿದಳು.

“ಎತ್ತು,” ಎಂದಳು.